ಬಿಕಾಂ ಬೇಡವೆಂದವನ ಪಕ್ಕದ ಸೀಟು

ನಲವತ್ತರ ಹೊಸ್ತಿಲಲ್ಲಿ ನಾನು ಮತ್ತೆ ಕಾಲೇಜಿಗೆ ಸೇರಲು ಹೊರಟಿದ್ದು ಓದಿನ ಮೇಲಿನ ಪ್ರೀತಿಯಿಂದಲ್ಲ, ಕಿವಿಯ ಭಯದಿಂದ. ಯಶವಂತಪುರದ ಆಚೆಯ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ ವರ್ಷಗಟ್ಟಲೆ ತಗಡು ಒತ್ತಿ ಒತ್ತಿ ನನ್ನ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಅದೇ ದಾರಿ ಹಿಡಿದಿದೆ, ಆ ಸದ್ದಿನಿಂದ ಹೊರಗೆ ಬನ್ನಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೊರಗೆ ಬರುವುದೆಂದರೆ ಆಫೀಸಿನ ಕಡೆ ಹೋಗುವುದು. ಅದಕ್ಕೆ ಡಿಗ್ರಿ ಬೇಕು. ನನ್ನದು ಬರೀ ಪಿಯುಸಿ.

ಎಂಬತ್ತರ ದಶಕದ ಮಾತಿದು. ಸಂಜೆ ಕಾಲೇಜುಗಳಲ್ಲಿ ನಮ್ಮಂಥವರಿಗೆ ಎರಡು ದಾರಿಯಿತ್ತು. ಒಂದು ಬಿಕಾಂ, ಅಂದರೆ ಅಕೌಂಟ್ಸು. ಇನ್ನೊಂದು ಆಗಷ್ಟೇ ಬಂದಿದ್ದ ಬಿಸಿನೆಸ್ ಮ್ಯಾನೇಜ್‌ಮೆಂಟು. ಲೆಕ್ಕ ನನಗೆ ನೀರು ಕುಡಿದಷ್ಟು ಸುಲಭ, ಹಾಗಾಗಿ ಬಿಕಾಂ ಎಂದೇ ಮನಸ್ಸು ಮಾಡಿದ್ದೆ. ಆದರೆ ಗೆಳೆಯನನ್ನು ಒಂದು ಮಾತು ಕೇಳದೆ ಸೇರುವುದು ಹೇಗೆ?

ಅವನು ಅದೇ ಕಾರ್ಖಾನೆಯಲ್ಲಿ ಹಾಜರಿ, ಶಿಫ್ಟಿನ ಲೆಕ್ಕ ಇಡುವ ಟೈಮ್ ಆಫೀಸಿನಲ್ಲಿದ್ದ. ನನ್ನ ಹಾಗೆ ಧಾರವಾಡದ ಕಡೆಯವನು. ಬೆಂಗಳೂರಿಗೆ ಬಂದ ನಮ್ಮ ಕಡೆಯವರಿಗೆಲ್ಲ ಒಂದು ರೋಗವಿದೆ. ಇಲ್ಲಿಯವರ ಜೊತೆ ಅಳೆದು ತೂಗಿ ಮಾತಾಡುವ ನಾವು, 'ಏನಪಾ, ಆರಾಮ?' ಎಂದು ಯಾರಾದರೂ ಕೇಳಿದರೆ ಸಾಕು, ಅವನ ಮುಂದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಬಿಚ್ಚಿಡುತ್ತೇವೆ. ಕಂಪನಿ ಬಸ್ಸಿನಲ್ಲಿ ಎಷ್ಟೋ ವರ್ಷ ನಾವಿಬ್ಬರೂ ಅಕ್ಕಪಕ್ಕ. ಶಿಫ್ಟ್ ಬಿಟ್ಟಕೂಡಲೇ ಅವನು ಮೊದಲು ಹೋಗಿ, ಎಡಸಾಲಿನ ಕಿಟಕಿ ಪಕ್ಕದ ಸೀಟಿಗೆ ಕರ್ಚೀಫು ಹಾಕಿಟ್ಟಿರುತ್ತಿದ್ದ. ಕಿಟಕಿ ನನಗೆ, ಈಚೆಯ ಸೀಟು ಅವನಿಗೆ. ತನ್ನ ಮಾತು ನನ್ನ ಬಲಗಿವಿಗೆ ಬೀಳಲಿ ಎಂದು ಅವನೇ ಮಾಡಿಕೊಂಡ ಏರ್ಪಾಟು. ಇಂಥವನ ಮೇಲೆ ಅನುಮಾನ ಪಡುವುದು ಹೇಗೆ, ನೀವೇ ಹೇಳಿ.

"ಬಿಕಾಂ ಬ್ಯಾಡಪಾ," ಎಂದ. "ಅಕೌಂಟ್ಸಿನ್ಯಾಗ ಏನೈತಿ? ಕುಂತು ಕುಂತು ಬೆನ್ನು ಬಗ್ಗತೈತಿ. ಮುಂದ ಎಲ್ಲಾ ಮ್ಯಾನೇಜ್‌ಮೆಂಟೇ ನೋಡು. ನಾ ಟೈಮ್ ಆಫೀಸಿನ್ಯಾಗ ಇರಾಂವ, ನನಗ ಗೊತ್ತಿರೂದಿಲ್ಲೇನು?"

"ಹಂಗಾರ ನೀನೂ ಸೇರು."

"ನನಗೆಲ್ಲಿ ಆಗತೈತಿ? ದಿನಾ ಸಂಜೀಕ ಶೆಟ್ಟಿಹಳ್ಳಿಗೆ ಹೋಗಿ ಅಕ್ಕನ ಮಕ್ಕಳಿಗೆ ಪಾಠ ಹೇಳಬೇಕು."

ಮನೆಯಲ್ಲಿ ಹೆಂಡತಿ, "ನಿಮಗ ಲೆಕ್ಕ ಬರತೈತಿ, ಅದನ್ನ ಬಿಟ್ಟು ಇದ್ಯಾಕ?" ಎಂದಳು. ಅವಳಿಗೇನು ಗೊತ್ತು ಎಂದುಕೊಂಡು ಬಿಸಿನೆಸ್ ಮ್ಯಾನೇಜ್‌ಮೆಂಟಿಗೇ ಸೇರಿದೆ.

ಆರ್.ಟಿ. ನಗರದ ಹತ್ತಿರದ ಆ ಕಾಲೇಜಿನಲ್ಲಿ ಮೊದಲ ಬೆಂಚಿನ ತುದಿಯಲ್ಲಿ ಕೂತು, ಬಲಗಿವಿಯನ್ನು ಮೇಷ್ಟ್ರ ಕಡೆ ತಿರುಗಿಸಿ ಪಾಠ ಕೇಳಿದೆ. ಮಾರನೆಯ ದಿನ ಬಸ್ಸಿನಲ್ಲಿ ಅವನು, "ನಿನ್ನೆ ಏನ್ ಹೇಳಿದ್ರು?" ಎಂದು ತಪ್ಪದೆ ಕೇಳುತ್ತಿದ್ದ. ಮಾರ್ಕೆಟಿಂಗು, ಆಡಳಿತ ಎಂದು ನಾನು ಉತ್ಸಾಹದಿಂದ ವಿವರಿಸಿದರೆ ತಲೆಯಾಡಿಸುತ್ತಿದ್ದ. ಪಾಪ, ಅಕ್ಕನ ಮಕ್ಕಳಿಗಾಗಿ ತನ್ನ ಓದು ಬಿಟ್ಟಿದ್ದಾನೆ ಎಂದು ನನಗೆ ಮರುಕ ಬೇರೆ.

ನಾನು ಪಾಸಾದ ವರ್ಷವೇ ಒಂದು ದಿನ ಅವನು ಪೇಢೆಯ ಡಬ್ಬಿ ಹಿಡಿದು ಪ್ರೆಸ್ ಶಾಪಿಗೆ ಬಂದ. ಒಂದನ್ನು ಬಾಯಿಗೆ ಹಾಕಿಕೊಂಡು, ಏನು ವಿಶೇಷ ಎಂದು ಸನ್ನೆಯಲ್ಲಿ ಕೇಳಿದೆ. ಅವನ ತುಟಿ ಅಲ್ಲಾಡಿತು, ಪ್ರೆಸ್ಸಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಪಕ್ಕದ ಮೆಷಿನ್ನಿನವನು ನನ್ನ ಬಲಗಿವಿಗೆ ಬಾಯಿಟ್ಟು ಕೂಗಿದ: "ಅಕೌಂಟ್ಸಿಗೆ ಹೋಗ್ತಾರಂತೆ ಗುರು. ಸಂಜೆ ಕಾಲೇಜಲ್ಲಿ ಬಿಕಾಂ ಮಾಡಿದ್ರಂತೆ."

ಬಾಯಲ್ಲಿದ್ದ ಪೇಢೆಯನ್ನು ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಶೆಟ್ಟಿಹಳ್ಳಿಯೂ ಸುಳ್ಳು, ಅಕ್ಕನ ಮಕ್ಕಳ ಪಾಠವೂ ಸುಳ್ಳು. ಊಟದ ಹೊತ್ತಿನಲ್ಲಿ ನನ್ನ ಡಿಗ್ರಿಯ ಸುದ್ದಿ ಎತ್ತಿಕೊಂಡು ನೇಮಕಾತಿ ನೋಡಿಕೊಳ್ಳುವ ಪರ್ಸನೆಲ್ ಆಫೀಸರ ಹತ್ತಿರ ಹೋದೆ.

"ಮ್ಯಾನೇಜ್‌ಮೆಂಟಾ? ಅದಕ್ಕೆ ನಮ್ಮಲ್ಲಿ ಪೋಸ್ಟೇ ಇಲ್ಲ ಕಣ್ರೀ," ಎಂದರು ಅವರು. "ಇದ್ದದ್ದು ಅಕೌಂಟ್ಸಲ್ಲಿ ಒಂದೇ. ಹಳಬರು ರಿಟೈರಾಗ್ತಾರೆ, ಬಿಕಾಂ ಮಾಡಿರೋ ನಮ್ಮವರನ್ನೇ ತಗೋತೀವಿ ಅಂತ ಟೈಮ್ ಆಫೀಸಿಗೆ ಯಾವಾಗ್ಲೋ ಗೊತ್ತಿತ್ತು. ನಿಮ್ಮ ಫ್ರೆಂಡ್ ಹೇಳ್ಲಿಲ್ವಾ?"

'ಇಬ್ಬರೂ ಓದೋಣ, ಯಾರಿಗೆ ಸಿಗುತ್ತದೋ ಅವರು ಹೋಗಲಿ' ಎಂದಿದ್ದರೆ ಸೋತರೂ ಅವನ ಪೇಢೆ ತಿನ್ನುತ್ತಿದ್ದೆ. ಆದರೆ ನನಗೆ ಆ ಕುರ್ಚಿ ಯಾಕೆ ಬೇಕಿತ್ತೆಂದು ಈ ಊರಿನಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಗೊತ್ತಿದ್ದೂ ನಯವಾಗಿ ಕತ್ತು ಕೊಯ್ದ. ಆ ಸಿಟ್ಟು ಇಂದಿಗೂ ಇಳಿದಿಲ್ಲ, ಇಳಿಯಬೇಕೆಂಬ ಆಸೆಯೂ ನನಗಿಲ್ಲ.

ಅವತ್ತೂ ಬಸ್ಸಿನಲ್ಲಿ ಕಿಟಕಿ ಪಕ್ಕ ಕರ್ಚೀಫು ಹಾಕಿಟ್ಟಿದ್ದ. ನಾನದನ್ನು ಎತ್ತಿ ಅವನ ಕೈಗೆ ಕೊಟ್ಟು, "ನೀ ಒಳಗ ಸರಿ," ಎಂದೆ. ಅವನು ಕಿಟಕಿಗೆ ಸರಿದ. ನಾನು ಈಚೆಗೆ ಕೂತೆ. ಈಗ ಅವನ ಕಡೆಗಿದ್ದದ್ದು ನನ್ನ ಎಡಗಿವಿ.

ಹೆಬ್ಬಾಳ ಬರುವ ತನಕ ಅವನು ಮಾತಾಡಿದ. ಕೈ ಆಡಿಸುವುದು ಓರೆಗಣ್ಣಿಗೆ ಕಾಣುತ್ತಿತ್ತು. ಒಮ್ಮೆ ನನ್ನ ತೋಳು ಹಿಡಿದ. ನಾನು ಮುಖ ತಿರುಗಿಸಲಿಲ್ಲ. ಕ್ಷಮೆ ಕೇಳಿದನೋ, ಸಮಜಾಯಿಷಿ ಕೊಟ್ಟನೋ ನನಗೆ ಗೊತ್ತಿಲ್ಲ. ಪ್ರೆಸ್ ಶಾಪಿನಲ್ಲೇ ಉಳಿದ ನನಗೆ ಮುಂದೆ ಬಲಗಿವಿಯೂ ಹೋಯಿತು. ಅದು ಇನ್ನೂ ಕೇಳುತ್ತಿದ್ದ ಕಾಲದಲ್ಲಿ ನಾನು ಬೇಕೆಂದೇ ಕೇಳದೆ ಬಿಟ್ಟದ್ದು ಅವನ ಆ ಮಾತೊಂದನ್ನೇ.