ಕೆಂಪು ತಂತಿಗೆ ಹಸಿರು ದಾರ

ಹಾರ್ನ್ ಒತ್ತಿದರೆ ಹೆಡ್‌ಲೈಟ್ ಆರುತ್ತದೆ, ಬ್ರೇಕ್ ಹಿಡಿದರೆ ಇಂಜಿನ್ನೇ ನಿಂತುಹೋಗುತ್ತದೆ ಎಂದು ಗೋಳಾಡಿಕೊಂಡು ಬಂದವರನ್ನೆಲ್ಲ ಕರೆಂಟಣ್ಣ ಅರ್ಧ ಗಂಟೆಯಲ್ಲಿ ನಗಿಸಿ ಕಳಿಸುತ್ತಿದ್ದ. ಬೈಕಿನ ವೈರಿಂಗ್ ಕೆಲಸದಲ್ಲಿ ಅವನದು ಎತ್ತಿದ ಕೈ. ಊರವರ ಗಾಡಿಗೆ ಬಣ್ಣಕ್ಕೆ ಬಣ್ಣ ಹೊಂದಿಸಿ ತಂತಿ ಹಾಕುವ ಈ ಮಹಾಶಯ, ತನ್ನ ಗಾಡಿಗೆ ಮಾತ್ರ ಅಟ್ಟದ ಮೇಲೆ ಸಿಕ್ಕ ಒಂದೇ ಸುರುಳಿಯಿಂದ ಕತ್ತರಿಸಿ ಹಾಕಿದ್ದ. ಹಾರ್ನಿಗೂ ಕೆಂಪು, ದೀಪಕ್ಕೂ ಕೆಂಪು, ಇಂಡಿಕೇಟರಿಗೂ ಕೆಂಪು.

"ಬಣ್ಣ ನೋಡಿ ಕೆಲಸ ಮಾಡೋನು ಪೇಂಟರು. ನನ್ ಬೆರಳಿಗೇ ಗೊತ್ತಾಗುತ್ತೆ" ಎನ್ನುತ್ತಿದ್ದ.

ಆ ಬೆರಳಿನ ಪ್ರತಾಪ ಎಷ್ಟೆಂದು ಬಲ್ಲವಳು ಹೆಂಡತಿಯೊಬ್ಬಳೇ. ರಜೆಯ ದಿನ ಆತ ಅದೋ ಇದೋ ಎಂದು ತಂತಿ ತಡಕಾಡುವಾಗ ಟಾರ್ಚ್ ಹಿಡಿದು ನಿಲ್ಲುವುದು ಅವಳ ಪಾಲಿನ ಕೆಲಸ. ಇಷ್ಟು ವರ್ಷ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವಳಿಗೆ ಈಗ ಶಾಲೆಯೊಂದರಲ್ಲಿ ಹೊಲಿಗೆ ಟೀಚರ್ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು, ಆ ಕಡೆಗೆ ಬಸ್ಸಿಲ್ಲ. ಹಾಗಾಗಿ ಶುಕ್ರವಾರ ಅದೇ ಕೆಂಪು ತಂತಿಯ ಗಾಡಿಯಲ್ಲಿ ಲೈಸೆನ್ಸ್ ಪರೀಕ್ಷೆ. ಅದು ತಪ್ಪಿದರೆ ಇನ್ನೊಂದು ತಿಂಗಳು ಕಾಯಬೇಕು, ಅಷ್ಟರಲ್ಲಿ ಕೆಲಸ ಬೇರೆಯವರ ಪಾಲು.

ಮೈದಾನದಲ್ಲಿ ಇನ್‌ಸ್ಪೆಕ್ಟರ್ ಮೊದಲು ಹಾರ್ನ್ ಒತ್ತಿ ನೋಡಿದ. ಸದ್ದಿಲ್ಲ. ಇಂಡಿಕೇಟರ್ ಹಾಕಿದ. ಬೆಳಕಿಲ್ಲ.

"ಯಾರಮ್ಮ ನಿಮ್ಮ ಮೆಕ್ಯಾನಿಕ್ಕು?"

"ಒಳ್ಳೆಯವ್ರನ್ನ ಹುಡುಕ್ತಾ ಇದೀನಿ ಸಾರ್" ಎಂದಳು ಅವಳು, ಪಕ್ಕದಲ್ಲೇ ನಿಂತಿದ್ದ ಗಂಡನ ಕಡೆ ನೋಡದೆ.

ಇನ್‌ಸ್ಪೆಕ್ಟರ್ ನಕ್ಕ. "ಇನ್ನೂ ಮೂರು ಜನ ಇದ್ದಾರೆ. ಅವರದು ಮುಗಿಯೋದ್ರೊಳಗೆ ಸರಿ ಮಾಡಿಸಿ. ಇಲ್ಲಾಂದ್ರೆ ಮುಂದಿನ ತಿಂಗಳು ಬನ್ನಿ."

ಕರೆಂಟಣ್ಣ ಹೆಡ್‌ಲೈಟ್ ಬಿಚ್ಚಿದ. ಹ್ಯಾಂಡಲ್ ತಿರುಗಿ ತಿರುಗಿ ಎರಡು ತಂತಿ ತುಂಡಾಗಿದ್ದವು. ನಾಲ್ಕು ತುದಿ, ನಾಲ್ಕೂ ಕೆಂಪು. ಅದಲುಬದಲಾಗಿ ಜೋಡಿಸಿ ಹಾರ್ನ್ ಒತ್ತಿದರೆ ಫ್ಯೂಸ್ ಸುಟ್ಟುಹೋಗುತ್ತದೆ, ಇದ್ದದ್ದು ಅದೊಂದೇ. ಬೆರಳು ತಂತಿಗಳ ಮೇಲೆ ಓಡಾಡಿತು. ಬೆರಳಿಗೆ ಏನೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಇಬ್ಬರ ಪರೀಕ್ಷೆ ಮುಗಿದಿತ್ತು. ಊರಿಗೆಲ್ಲ ಮಾಡಿಕೊಟ್ಟು ಇವಳೊಬ್ಬಳಿಗೆ ಕೈಕೊಟ್ಟೆನಲ್ಲ ಎಂದುಕೊಂಡ.

"ಗೊತ್ತಾಗ್ತಿಲ್ಲ ಕಣೇ" ಎಂದ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

"ಮಸಿ ಒರೆಸಿ ನೋಡ್ರೀ. ಹಸಿರು ದಾರ ಹಾರ್ನು, ಹಳದಿ ದಾರ ಇಂಡಿಕೇಟರು."

ಒರೆಸಿದ. ಪ್ರತಿ ತಂತಿಗೂ ಗೇಣಿಗೊಂದರಂತೆ ಹೊಲಿಗೆ ದಾರದ ಪುಟ್ಟ ಗಂಟು.

"ಇದನ್ನೆಲ್ಲ ಯಾವಾಗ ಕಟ್ದೆ?"

"ರಜೆ ದಿನ ತಂತಿ ಸರಿಮಾಡಿ, ನೀವು ಗೆದ್ದೆ ಅಂತ ಕೈ ತೊಳೆಯೋಕೆ ಹೋಗ್ತಿದ್ರಲ್ಲ, ಆವಾಗ. ಮೊದಲೇ ಹೇಳಿದ್ರೆ ಕಿತ್ತು ಬಿಸಾಕ್ತಿದ್ರಿ."

ಹೌದು, ಬಿಸಾಕುತ್ತಿದ್ದ. ಅವನು ತೆಪ್ಪಗೆ ಹಸಿರಿಗೆ ಹಸಿರು, ಹಳದಿಗೆ ಹಳದಿ ಜೋಡಿಸಿದ. ಹಾರ್ನ್ ಕೂಗಿತು.

ಅವಳು ಪಾಸಾದಳು. ಮನೆಗೆ ಅವಳೇ ಓಡಿಸಿದಳು. ಬೇಕಿರಲಿ ಬೇಡದಿರಲಿ, ತಿರುವಿಗೊಮ್ಮೆ ಹಾರ್ನ್ ಒತ್ತಿದಳು.

ಸೋಮವಾರ ಗಾಡಿ ಶಾಲೆಗೆ ಹೋಯಿತು. ಕರೆಂಟಣ್ಣ ಜೇಬಿನಲ್ಲಿ ನಾಲ್ಕು ಬಣ್ಣದ ದಾರದ ರೀಲು ಇಟ್ಟುಕೊಂಡು ಅಂಗಡಿಗೆ ನಡೆದೇ ಹೋದ. ಹಳೆಯ ಗಾಡಿಯೊಂದರ ಬಣ್ಣ ಮಾಸಿದ ತಂತಿಗಳಿಗೆ ಅವನು ಒಂದೊಂದಾಗಿ ಗಂಟು ಹಾಕುವುದನ್ನು ಕಂಡು ಗಿರಾಕಿ ಕೇಳಿದ, "ಏನಣ್ಣ, ನಿಮ್ ಬೆರಳಿಗೇ ಗೊತ್ತಾಗುತ್ತೆ ಅಂತಿದ್ರಿ?"

"ಅದು ಟೀಚರ್ ಸಿಗೋಕೆ ಮುಂಚೆ" ಎಂದ ಕರೆಂಟಣ್ಣ.