ಯಾರಿಗೂ ಹೇಳಬೇಡಿ ಎಂದು ಕಲಿಸಿದವಳು

ಬೆಂಗಳೂರಿನ ವಿಜಯನಗರದ ಪಿಯು ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮನಸ್ಸು ಸರಿಯಿಲ್ಲದ ಗೆಳೆಯರಿಗೆ ಮಕ್ಕಳೇ ಆಸರೆಯಾಗುವಂತೆ ತರಬೇತಿ ಕೊಡಬೇಕು ಎಂದು ಪ್ರಿನ್ಸಿಪಾಲರು ಹೇಳಿದಾಗ ನಾನೇ ಮುಂದೆ ಬಂದು ಒಪ್ಪಿಕೊಂಡೆ. ಕೌನ್ಸೆಲರ್ ಒಬ್ಬರ ಬಳಿ ಕೆಲವು ದಿನ ಕಲಿತು, ಶನಿವಾರಗಳಂದು ಲ್ಯಾಬಿನಲ್ಲಿ ತರಗತಿ ಶುರು ಮಾಡಿದೆ.

ಮಧ್ಯೆ ಬಾಯಿ ಹಾಕಬೇಡಿ, ಬುದ್ಧಿ ಹೇಳಬೇಡಿ, ಕೇಳಿದ್ದನ್ನು ಯಾರಿಗೂ ಹೇಳಬೇಡಿ. ಇದನ್ನು ಪ್ರತಿ ವಾರ ಹೇಳುತ್ತಿದ್ದೆ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ತಕ್ಷಣ ದೊಡ್ಡವರಿಗೆ ತಿಳಿಸಿ ಎಂಬುದನ್ನೂ ಹೇಳಿದ್ದೆ. ಒಂದೇ ಒಂದು ಸಲ, ಬೆಲ್ ಹೊಡೆದು ಮಕ್ಕಳು ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತಿದ್ದಾಗ.

ಮೂಡಲಪಾಳ್ಯದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎಲ್ಲರಿಗಿಂತ ಗಮನವಿಟ್ಟು ಕೇಳುತ್ತಿದ್ದಳು. ಮಾತು ಕಡಿಮೆ, ಒಳ್ಳೆಯ ಅಂಕ ತೆಗೆಯುವವಳು. ದಸರಾ ರಜೆ ಮುಗಿಸಿ ಬಂದ ಮೇಲೆ ಕ್ಲಾಸಿನಲ್ಲಿ ತೂಕಡಿಸತೊಡಗಿದಳು. ಒಂದು ದಿನ ಎಲ್ಲರೆದುರು, "ರಾತ್ರಿಯೆಲ್ಲಾ ಮೊಬೈಲ್ ನೋಡಿದ್ರೆ ಇನ್ನೇನಾಗತ್ತೆ?" ಎಂದು ಗದರಿದೆ. ಅವಳು ಎದ್ದು ನಿಂತು ಸಾರಿ ಹೇಳಿ ಕುಳಿತಳು. ಇನ್ನೊಬ್ಬರ ಮುಖ ಓದುವುದನ್ನು ಕಲಿಸುತ್ತಿದ್ದ ನನಗೆ ಅವಳ ಮುಖ ಕಾಣಲಿಲ್ಲ.

ಮರುವಾರ ಅವಳ ತಾಯಿ ಸ್ಟಾಫ್ ರೂಮಿಗೆ ಬಂದರು.

"ಮೇಡಂ, ಇವ್ಳು ಸ್ನಾನಕ್ಕೂ ಫೋನ್ ತಗೊಂಡೇ ಹೋಗ್ತಾಳೆ. ಆ ಕಡೆಯಿಂದ ಮೆಸೇಜ್ ಬರದಿದ್ರೆ ಅಳ್ತಾ ಕೂತಿರ್ತಾಳೆ. ಹುಡುಗನ ವಿಷ್ಯ ಏನಾದ್ರೂ ಇದ್ಯಾ? ನೀವಾದ್ರೂ ಕೇಳಿ."

ಹುಡುಗಿಯನ್ನು ಲ್ಯಾಬಿಗೆ ಕರೆದೆ. ರಾತ್ರಿಯೆಲ್ಲ ಯಾರಿಗೆ ಮೆಸೇಜು ಕಳಿಸುತ್ತೀಯ ಎಂದು ಕೇಳಿದೆ.

"ಹೇಳೋ ಹಾಗಿಲ್ಲ ಮ್ಯಾಮ್. ನೀವೇ ಹೇಳಿದ್ರಲ್ಲ, ಯಾರಿಗೂ ಹೇಳ್ಬಾರ್ದು ಅಂತ."

ಜೀವದ ಪ್ರಶ್ನೆಯಾದರೆ ಹೇಳಲೇಬೇಕು ಎಂದು ಒತ್ತಾಯಿಸಿದ ಮೇಲೆ ಹೇಳಿದಳು. ಅವಳ ಪಕ್ಕದಲ್ಲಿ ಕೂರುತ್ತಿದ್ದ ವಿಜಯಪುರ ಕಡೆಯ ಗೆಳತಿ ಆರ್‌ಪಿಸಿ ಲೇಔಟಿನ ಪಿಜಿಯಲ್ಲಿದ್ದಳು. ಊಟ ಬಿಟ್ಟಿದ್ದಳು, ಕಾಲೇಜಿಗೂ ಸರಿಯಾಗಿ ಬರುತ್ತಿರಲಿಲ್ಲ. ಬದುಕುವುದೇ ಬೇಡ ಎಂದು ಇವಳೊಬ್ಬಳಿಗೆ ಹೇಳುತ್ತಿದ್ದಳಂತೆ. ಇವಳು ನಿದ್ದೆಗೆಟ್ಟು ಮೆಸೇಜು ಕಳಿಸುತ್ತ ಅವಳನ್ನು ಕಾಯುತ್ತಿದ್ದಳು.

"ನಾನು ನಿದ್ದೆ ಮಾಡ್ಬಿಟ್ಟಾಗ ಏನಾದ್ರೂ ಆದ್ರೆ, ಅಂತ ಭಯ ಮ್ಯಾಮ್."

ಹದಿನಾರರ ಹುಡುಗಿಯ ತಲೆಯ ಮೇಲೆ ನಾನು ಇಂಥ ಭಾರ ಹೊರಿಸಿದ್ದೆ.

ಪ್ರಿನ್ಸಿಪಾಲರಿಗೆ ತಿಳಿಸಿ, ನಾನೂ ಹುಡುಗಿಯೂ ಆಟೋ ಹತ್ತಿ ಪಿಜಿಗೆ ಹೋದೆವು. ಗೆಳತಿ ಬಾಗಿಲು ತೆರೆದಳು. ಕಣ್ಣುಗಳು ಒಳಗಿಳಿದಿದ್ದವು. ನನ್ನತ್ತ ನೋಡಲೂ ಇಲ್ಲ. ಇವಳನ್ನೇ ನೋಡಿ, "ಹೇಳಿಬಿಟ್ಟೀ ಹೌದಿಲ್ಲೋ?" ಎಂದಳು.

'ಅವಳು ಹೇಳಲಿಲ್ಲ, ನಾನು ಹೇಳಿಸಿದೆ' ಎನ್ನುವುದಕ್ಕೆ ಅದೇ ಸಮಯವಾಗಿತ್ತು. ನಾನು ಮಾತ್ರ, ಊಟ ಮಾಡಿದೆಯೇನಮ್ಮಾ ಎಂದು ಏನೋ ಕೇಳುತ್ತ ಒಳಗೆ ನಡೆದೆ. ಇವಳು ಚಪ್ಪಲಿ ಬಿಡದೆ ಕಾರಿಡಾರಿನಲ್ಲೇ ನಿಂತುಬಿಟ್ಟಳು.

ಅಂದೇ ವೈದ್ಯರಿಗೆ ತೋರಿಸಿದೆವು. ಮರುದಿನ ಗೆಳತಿಯ ತಂದೆ ತಾಯಿ ಊರಿನಿಂದ ಬಂದರು. "ನಮಗ ಗೊತ್ತೇ ಆಗ್ಲಿಲ್ರೀ ಮೇಡಂ, ಫೋನ್‌ದಾಗ ಆರಾಮ್ ಅದೀನಿ ಅಂತಿದ್ಲು" ಎಂದು ಅಪ್ಪ ಮುಖ ಮುಚ್ಚಿಕೊಂಡು ಅತ್ತರು. ಚಿಕಿತ್ಸೆ ಶುರುವಾಯಿತು. ಅಮ್ಮ ಇಲ್ಲೇ ಸಣ್ಣ ಮನೆ ಮಾಡಿಕೊಂಡು ಮಗಳ ಜೊತೆ ಉಳಿದರು. ಜನವರಿಯ ಹೊತ್ತಿಗೆ ಅವಳು ಮತ್ತೆ ಕಾಲೇಜಿಗೆ ಬಂದಳು. ಕೂತಿದ್ದು ಮಾತ್ರ ಬೇರೆ ಬೆಂಚಿನಲ್ಲಿ.

ಅವಳನ್ನು ಕರೆದು ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದು, ನಿನ್ನ ಗೆಳತಿಯ ಮೇಲೆ ಸಿಟ್ಟು ಬೇಡ ಎಂದೆ.

"ಸಿಟ್ಟಿಲ್ರೀ ಮೇಡಂ. ಆಕಿ ಹೇಳಿದ್ದು ಛಲೋನೇ ಆತು. ಆದ್ರ ಆಕಿ ಮುಖ ನೋಡಿದ್ರ ಆ ದಿನಾನ ನೆನಪಾಗ್ತದ."

ಮೂಡಲಪಾಳ್ಯದ ಹುಡುಗಿಗೂ ಇದನ್ನು ಹೇಳಿದೆ. "ಪರವಾಗಿಲ್ಲ ಮ್ಯಾಮ್, ಅವ್ಳು ಚೆನ್ನಾಗಿದ್ರೆ ಸಾಕು" ಎಂದಳು. ಶನಿವಾರದ ತರಗತಿಗೆ ಬರುವುದನ್ನು ಮಾತ್ರ ಬಿಟ್ಟಳು. ನಾನೂ ಕರೆಯಲಿಲ್ಲ.

ಈ ವರ್ಷದ ಮೊದಲ ತರಗತಿಯಲ್ಲಿ, ಯಾವುದನ್ನು ಒಬ್ಬರೇ ಹೊರಬಾರದು ಎಂಬುದರಿಂದಲೇ ಶುರು ಮಾಡಿದೆ. "ಹೇಳಿದ್ರೆ ಫ್ರೆಂಡ್‌ಶಿಪ್ ಹೋಗಲ್ವಾ ಮ್ಯಾಮ್?" ಎಂದು ಒಬ್ಬ ಕೇಳಿದ. ಹೋಗಬಹುದು ಕಣೋ, ಎಂದೆ.