ಒಣಗಿಸಿದ ಗಾಳಿ

ಮಾಲಿನ್ಯ ನಿಯಂತ್ರಣ ಕಚೇರಿಯ ತಾರಸಿಯಲ್ಲಿ ಹೊಗೆ ಅಳೆಯುವ ಯಂತ್ರ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ಕೆಲಸದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವನಿಗೆ ಊಟ ಸೇರುತ್ತಿರಲಿಲ್ಲ.

ಯಂತ್ರವೆಂದರೆ ಮಹಾ ಏನಲ್ಲ. ಕೊಳವೆಯೊಂದು ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಕತ್ತಲೆ ಡಬ್ಬಿಯಲ್ಲಿ ಅದರ ಮೇಲೆ ಬೆಳಕು ಬೀಳುತ್ತದೆ, ಕಣಗಳು ಎಷ್ಟು ಬೆಳಕು ಚೆದುರಿಸಿದವೆಂದು ಪರದೆಯಲ್ಲಿ ಗೆರೆ ಮೂಡುತ್ತದೆ. ಆಕಾಶದಲ್ಲಿ ಬಿಸಿಲಿಗೆ ಆಗುವುದೇ ಡಬ್ಬಿಯೊಳಗೂ. ಕಬ್ಬಿಣ ಕರಗಿಸುವ ಕುಲುಮೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಬೆಳಗಿನ ಬಿಸಿಲು ಗಂಜಿಯಂತೆ ಮಂಕಾದಾಗೆಲ್ಲ ಗೆರೆ ಮೇಲೇರುತ್ತಿತ್ತು. ಅದೇ ಬೀದಿಯಲ್ಲಿ ಅವನ ಅಕ್ಕನ ಮನೆ. ಉಸಿರಿಗೆ ಒದ್ದಾಡುವ ಮಗಳನ್ನು ಮಡಿಲಲ್ಲಿಟ್ಟುಕೊಂಡು, ಬೆಳಗಿನ ಹೊತ್ತು ಕುಲುಮೆ ನಿಲ್ಲಿಸಿ ಎಂದು ಅಕ್ಕ ಬೀದಿಯವರ ಜೊತೆ ಅದರ ಗೇಟಿನ ಮುಂದೆ ಧರಣಿ ಕೂತಿದ್ದಳು. ಅವರಿಗಿದ್ದ ಒಂದೇ ಸಾಕ್ಷಿ ಆ ಗೆರೆ.

ಕುಲುಮೆಯವರು ತಮ್ಮದೊಂದು ಯಂತ್ರ ತಂದು ಪಕ್ಕದಲ್ಲಿಟ್ಟು, ನಿಮ್ಮ ಯಂತ್ರ ಕೆಟ್ಟಿದೆ, ಹೋಲಿಸಿ ನೋಡಿ ಎಂದರು. ಅವರ ಗೆರೆ ನೆಲ ಹಿಡಿದು ಮಲಗಿತು. ಅವರ ಕೊಳವೆಗೆ ಗಾಳಿ ಕಾಯಿಸುವ ತಂತಿಯ ಸುರುಳಿ ಇತ್ತು. ತೇವ ಕುಡಿದು ಉಬ್ಬಿದ ಕಣಗಳನ್ನು ಒಣಗಿಸಿ ಕುಗ್ಗಿಸಿ ಒಳಗೆ ಬಿಡುತ್ತಿತ್ತು. ಕುಗ್ಗಿದ ಕಣ ಚೆದುರಿಸುವ ಬೆಳಕೂ ಕಡಿಮೆ.

ಎರಡು ಯಂತ್ರ ಹೋಲಿಸುವಾಗ ಎರಡಕ್ಕೂ ಒಂದೇ ಥರದ ಗಾಳಿ ಕೊಡಬೇಕು. ಅವನ ಕಸುಬಿನ ಮೊದಲ ಪಾಠವೇ ಅದು. ಮೆಕ್ಯಾನಿಕ್ ಯಾರನ್ನೂ ಕೇಳದೆ ಕಚೇರಿಯ ಯಂತ್ರಕ್ಕೂ ಸುರುಳಿ ಸುತ್ತಿದ. ಎರಡು ಗೆರೆಗಳೂ ಒಂದರ ಮೇಲೊಂದು ಕೂತವು. ಹಿಗ್ಗಿ ಹೀರೇಕಾಯಿಯಾಗಿ ಅಕ್ಕನಿಗೆ ಫೋನ್ ಮಾಡಿದ.

“ನಮ್ಮ ಯಂತ್ರ ಕೆಟ್ಟಿಲ್ಲ ಅಕ್ಕಾ! ಎರಡೂ ಒಂದೇ ಹೇಳ್ತಿವೆ.”

“ಏನಂತ ಹೇಳ್ತಿವೆ?”

ಅದನ್ನವನು ಯೋಚಿಸಿಯೇ ಇರಲಿಲ್ಲ.

“ಗೆರೆ... ಕೆಳಗಿದೆ.” ಸುರುಳಿಯ ವಿಷಯವನ್ನೂ ಹೇಳಿದ.

“ಥೂ ನಿನ್ನ! ನನ್ನ ಮಗಳೇನು ಗಾಳೀನ ಬಾಣಲೇಲಿ ಹುರ್ಕೊಂಡು ಉಸಿರಾಡ್ತಾಳೇನೋ?”

ಬೀದಿಯವರ ದೂರಿನ ವಿಚಾರಣೆಯ ದಿನ ಅಕ್ಕ ಅಂದದ್ದನ್ನೇ ಹೇಳಲು ಮೆಕ್ಯಾನಿಕ್ ಎದ್ದು ನಿಂತ. ಕುಲುಮೆಯ ವಕೀಲ ಬಹಳ ಮರ್ಯಾದೆಯಿಂದ ಕೇಳಿದ.

“ಸುರುಳಿ ಸುತ್ತಿದ್ದು ಯಾರು?”

“ನಾನೇ.”

“ಯಾರಾದ್ರೂ ಹೇಳಿದ್ರಾ?”

“ಇಲ್ಲ. ಹೋಲಿಸುವಾಗ ಹಾಗೇ ಮಾಡಬೇಕು.”

“ಸರಿಯಾಗೇ ಮಾಡಿದೀರಿ.”

“ಯಂತ್ರ ಹೋಲಿಸೋಕೆ ಸರಿ ಸ್ವಾಮಿ. ಆದ್ರೆ ಜನ ಕುಡಿಯೋ ಗಾಳಿ ಹಸಿ—”

“ಸಾಕು, ಕೂತ್ಕೊಳ್ಳಿ,” ಎಂದ ವಿಚಾರಣೆ ನಡೆಸುತ್ತಿದ್ದ ಅಧಿಕಾರಿ. ಹಳೆಯ ಅಳತೆಗಳೆಲ್ಲ ತೇವದಿಂದಾದ ತಪ್ಪು, ಸುರುಳಿ ಇನ್ನು ಮುಂದೆಯೂ ಇರಲಿ, ಕುಲುಮೆ ಬೆಳಗ್ಗೆಯೂ ಉರಿಯಲಿ ಎಂದು ಆದೇಶವಾಯಿತು. ಮೆಕ್ಯಾನಿಕ್‌ನ ಶ್ರದ್ಧೆಗೆ ಅದರಲ್ಲಿ ಎರಡು ಸಾಲು ಹೊಗಳಿಕೆ ಬೇರೆ.

ಮರುದಿನ ಬೆಳಗ್ಗೆ ಅವನು ಗೇಟಿನ ಮುಂದೆ ಹೋಗಿ ಕೊನೆಯ ಸಾಲಿನಲ್ಲಿ ಕೂತ. ಮಗಳ ಬೆನ್ನು ಸವರುತ್ತಿದ್ದ ಅಕ್ಕ ಅವನತ್ತ ತಿರುಗಿ ನೋಡಿದಳು.

“ಏಳೋ. ನಿನ್ನ ಸುರುಳಿ ಕಾಯ್ತಿರುತ್ತೆ, ಕೆಲಸಕ್ಕೆ ಹೊತ್ತಾಯ್ತು ನಿಂಗೆ.”

ಅವನು ಎದ್ದು, ಪ್ಯಾಂಟಿನ ಮಸಿ ಕೊಡವಿಕೊಂಡು, ಕಚೇರಿಯ ಕಡೆ ನಡೆದ.